ಅತಿಮಧುರ ಜಗಿಯುವ ಬಿಪಿಯವರೇ, ಸ್ವಲ್ಪ ಇದನ್ನು ಓದಿ

ಹಾಸನದಲ್ಲಿ ಚಳಿ ಶುರುವಾಯಿತು ಅಂದರೆ ಗ್ರಂಧಿಗೆ ಅಂಗಡಿಯಲ್ಲಿ ಅತಿಮಧುರಕ್ಕೆ ಗಿರಾಕಿ ಜಾಸ್ತಿ. ಕೆಮ್ಮು, ಗಂಟಲು ಕೆರೆತ, ಆಸಿಡಿಟಿ, ಎಲ್ಲಕ್ಕೂ ಅದೇ. ಬಿಪಿ ಇರುವ ದೊಡ್ಡವರು ಯಾರಾದರೂ ನಿಮ್ಮ ಮನೆಯಲ್ಲಿ ಇದನ್ನು ದಿನಾ ತಿನ್ನುತ್ತಿದ್ದರೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ನಮ್ಮ ಅಪ್ಪ ಇದರಿಂದ ಐಸಿಯು ಸೇರಿ ಬಂದರು.

ಅಪ್ಪನಿಗೆ ಭಜನೆಯ ಹುಚ್ಚು. ಧನುರ್ಮಾಸ ಬಂದರೆ ನಸುಕಿಗೇ ದೇವಸ್ಥಾನದಲ್ಲಿರಬೇಕು, ಆ ಕೊರೆಯುವ ಚಳಿಯಲ್ಲೂ ಮೇಲಿನ ಸ್ವರ ಎತ್ತಬೇಕು. ಗಂಟಲು ಕಟ್ಟಿತು ಅಂತ ಪೇಟೆಯ ಒಂದು ಅಂಗಡಿಗೆ ಹೋದರು. ಅಲ್ಲಿಯವನು ಅತಿಮಧುರದ ಕಡ್ಡಿ ಕೊಟ್ಟ, ಜೊತೆಗೆ ಒಂದು ಕಷಾಯದ ಪುಡಿ. "ಇದು ಬೇರು ಸ್ವಾಮಿ, ಇಂಗ್ಲಿಷ್ ಔಷಧಿ ಅಲ್ಲ. ಎಷ್ಟು ತಗೊಂಡ್ರೂ ಏನೂ ಆಗಲ್ಲ" ಅಂದನಂತೆ. ಪ್ಯಾಕೆಟ್ಟಿನ ಮೇಲೂ ಸೈಡ್ ಎಫೆಕ್ಟ್ ಇಲ್ಲ ಅಂತ ದಪ್ಪಕ್ಷರ. ಒಳಗೆ ಯಾವುದು ಎಷ್ಟು ಗ್ರಾಂ ಇದೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಗಂಟಲಿಗೆ ಹಿತವಾಯಿತು. ಅಪ್ಪ ಬೆಳಿಗ್ಗೆ ಸಂಜೆ ಕಷಾಯ ಕುಡಿದರು, ಮಧ್ಯೆ ಕಡ್ಡಿ ಜಗಿದರು.

ಮೊದಲು ಪಾದ ಊದಿತು. ಚಪ್ಪಲಿಯ ಪಟ್ಟಿ ಕಾಲಿನ ಮೇಲೆ ಅಚ್ಚೊತ್ತುತ್ತಿತ್ತು. ಆಮೇಲೆ ಬಿಪಿ ಏರಿತು. ಕ್ಲಿನಿಕ್ಕಿನಲ್ಲಿ ಮಾತ್ರೆಯ ಡೋಸ್ ಹೆಚ್ಚಿಸಿದರು. ಇಳಿಯಲಿಲ್ಲ. ಊತ ಇದೆಯಲ್ಲ ಅಂತ ನೀರಿಳಿಸುವ ಮಾತ್ರೆಯನ್ನೂ ಸೇರಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ತೊಡೆಯಲ್ಲಿ ಶಕ್ತಿಯೇ ಇಲ್ಲ. ನೆಲಕ್ಕೆ ಕೂತರೆ ಗೋಡೆ ಹಿಡಿದು ಏಳಬೇಕು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಕೊನೆಗೆ ಒಂದು ದಿನ ಎದೆ ಡವಡವ ಅನ್ನುತ್ತಿದೆ ಅಂದವರು ಬಚ್ಚಲಮನೆ ಬಾಗಿಲಲ್ಲೇ ಕುಸಿದರು.

ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಪೊಟ್ಯಾಸಿಯಂ 2.4. ಇರಬೇಕಾದ್ದು 3.5ರಿಂದ 5. ಇಸಿಜಿಯೂ ಸರಿಯಿಲ್ಲ. ಆಲೂಗೆಡ್ಡೆ ಬೆಳೆಯುವ ಜಿಲ್ಲೆಯಲ್ಲಿ, ದಿನಾ ಆಲೂಗೆಡ್ಡೆ ಹುಳಿ ತಿನ್ನುವ ಮನುಷ್ಯನಿಗೆ ಪೊಟ್ಯಾಸಿಯಂ ಇಲ್ಲ! ಬೇರೆ ಏನಾದರೂ ಔಷಧಿ ತಗೊಳ್ತೀರಾ ಅಂತ ಕೇಳಿದವರಿಗೆಲ್ಲ ಅಪ್ಪ ಇಲ್ಲ ಅಂದೇ ಹೇಳಿದರು. ಸುಳ್ಳು ಹೇಳಿದ್ದಲ್ಲ, ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಮಾರನೆಯ ದಿನ ರೌಂಡ್ಸಿಗೆ ಬಂದ ಡಾಕ್ಟರಮ್ಮ, "ಯಜಮಾನ್ರೇ, ಬಾಯಲ್ಲಿ ಏನಿದು?" ಅಂದರು. ಅಪ್ಪ ತೆಗೆದು ತೋರಿಸಿದರು. ತುದಿ ನಾರುನಾರಾಗಿ ಜಗಿದ ಹಳದಿ ಕಡ್ಡಿ. ಅದನ್ನು ನೋಡಿದ್ದೇ, "ಸಿಕ್ತು ಬಿಡಿ" ಅಂದುಬಿಟ್ಟರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಉಪ್ಪನ್ನು ದೇಹದಲ್ಲಿ ಹಿಡಿದಿಟ್ಟು ಪೊಟ್ಯಾಸಿಯಂ ಹೊರಗೆ ಕಳಿಸು ಅಂತ ಕಿಡ್ನಿಗೆ ಹೇಳುವುದು ಆಲ್ಡೋಸ್ಟಿರೋನ್ ಅನ್ನುವ ಹಾರ್ಮೋನು. ಅದು ಕೂರುವ ಸೀಟಿಗೆ ಇನ್ನೊಂದು ಸ್ಟಿರಾಯ್ಡ್ ಹಾರ್ಮೋನ್ ಕಾರ್ಟಿಸೋಲ್ ಕೂಡ ಸರಿಹೊಂದುತ್ತದೆ. ರಕ್ತದಲ್ಲಿ ಕಾರ್ಟಿಸೋಲ್ ನೂರಾರು ಪಟ್ಟು ಜಾಸ್ತಿ. ಬೆಂಗಳೂರು ಬಸ್ಸಿನ ರಿಸರ್ವ್ ಸೀಟಿಗೆ ನುಗ್ಗುವ ಜನರ ಹಾಗೆ ಅದು ನುಗ್ಗದಂತೆ ತಡೆಯಲು ಕಿಡ್ನಿಯಲ್ಲಿ ಒಂದು ಕಿಣ್ವ ಇದೆ. ಹೆಸರು 11 ಬೀಟಾ ಎಚ್‌ಎಸ್‌ಡಿ 2. ಬಂದ ಕಾರ್ಟಿಸೋಲನ್ನು ಅದು ಕಾರ್ಟಿಸೋನ್ ಮಾಡಿಬಿಡುತ್ತದೆ, ಕಾರ್ಟಿಸೋನ್ ಆ ಸೀಟಿನಲ್ಲಿ ಕೂರಲಾರದು. ಅತಿಮಧುರದ ಸಿಹಿಗೆ ಕಾರಣ ಗ್ಲಿಸಿರೈಜಿನ್. ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಗ್ಲಿಸಿರೆಟಿನಿಕ್ ಆಮ್ಲ ಮಾಡುತ್ತವೆ. ಈ ಆಮ್ಲ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಆಮೇಲೆ ಕಾರ್ಟಿಸೋಲ್ ಆ ಸೀಟಿಗೆ ನುಗ್ಗುತ್ತದೆ. ಉಪ್ಪು, ನೀರು ಒಳಗೇ ಉಳಿಯುತ್ತದೆ, ಬಿಪಿ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಅದು ತೀರಾ ಇಳಿದರೆ ಸ್ನಾಯು ಸೋಲುತ್ತದೆ, ಎದೆಬಡಿತ ತಪ್ಪುತ್ತದೆ. ನೀರಿಳಿಸುವ ಮಾತ್ರೆಗಳಲ್ಲಿ ಹೆಚ್ಚಿನವೂ ಪೊಟ್ಯಾಸಿಯಂ ಕಳೆಯುವಂಥವೇ. ಅಪ್ಪನಿಗೆ ಎರಡೂ ಒಟ್ಟಿಗೆ ಬಿದ್ದವು. ತಮಾಷೆ ಅಂದರೆ ಇಂಥವರಲ್ಲಿ ಆಲ್ಡೋಸ್ಟಿರೋನ್ ಪರೀಕ್ಷೆ ಮಾಡಿಸಿದರೆ ಅದು ಕಡಿಮೆಯೇ ಬರುತ್ತದೆ. ಅಪ್ಪನಿಗೂ ಹಾಗೇ ಬಂತು.

ಇದೇನು ಹೊಸ ಸಂಗತಿಯಲ್ಲ. 1946ರಲ್ಲೇ ನೆದರ್ಲೆಂಡ್ಸ್‌ನ ರೆವರ್ಸ್ ಅನ್ನುವ ವೈದ್ಯರು ಹೊಟ್ಟೆ ಹುಣ್ಣಿಗೆ ಅತಿಮಧುರ ಕೊಟ್ಟು, ಕೆಲವು ರೋಗಿಗಳಿಗೆ ಮೈ ಊದಿದ್ದನ್ನು ಬರೆದಿಟ್ಟಿದ್ದಾರೆ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಕಿಣ್ವದ ಜಾಡು ಹಿಡಿದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 54 ವರ್ಷದ ಒಬ್ಬ, ಕೆಲವು ವಾರ ದಿನಾ ಪ್ಯಾಕೆಟ್ಟುಗಟ್ಟಲೆ ಅತಿಮಧುರದ ಕಪ್ಪು ಮಿಠಾಯಿ ತಿಂದು ಸತ್ತ ಪ್ರಕರಣ 2020ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಇಳಿಯುತ್ತದೆ ಅಂತ 1999ರಲ್ಲಿ ಇಟಲಿಯವರು ಹೇಳಿದ್ದರು. ಅದನ್ನು ನೋಡಿದ್ದು ಏಳೇ ಜನರಲ್ಲಿ, ಆಮೇಲಿನ ಪರೀಕ್ಷೆಗಳಲ್ಲಿ ಅಷ್ಟು ಇಳಿಕೆ ಕಾಣಲಿಲ್ಲ. ಅದನ್ನು ದೊಡ್ಡದು ಮಾಡಬೇಕಿಲ್ಲ.

ಯುರೋಪಿನಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬೇಡಿ ಅನ್ನುತ್ತಾರೆ. ಬೇರಿನಲ್ಲಿ ಶೇಕಡಾ 4 ಇದೆ ಅಂದುಕೊಂಡರೂ ಎರಡೂವರೆ ಗ್ರಾಂ ಪುಡಿಗೆ ಲೆಕ್ಕ ಮುಗಿಯಿತು. ಅದು ಹೆಚ್ಚುಕಡಿಮೆ ಒಂದು ಟೀ ಚಮಚ. ಅಪ್ಪ ಕಷಾಯಕ್ಕೆ ತುಂಬಿ ತುಳುಕುವ ಚಮಚ ಹಾಕುತ್ತಿದ್ದರು.

ನಾನು ಆಯುರ್ವೇದ ಬೈಯುತ್ತಿಲ್ಲ. ಒಳ್ಳೆಯ ವೈದ್ಯರು ನಾಡಿ ನೋಡಿ, ಬಿಪಿ ಕೇಳಿ, ಇಷ್ಟು ದಿನ ಅಂತ ಅಳತೆ ಮಾಡಿಯೇ ಕೊಡುತ್ತಾರೆ. ನನ್ನ ಸಿಟ್ಟು ಎಷ್ಟು ಬೇಕಾದರೂ ತಿನ್ನಿ ಅನ್ನುವವರ ಮೇಲೆ, ಅಳತೆ ಬರೆಯದ ಪ್ಯಾಕೆಟ್ಟಿನವರ ಮೇಲೆ. ಪ್ಯಾಕೆಟ್ ನೋಡುವಾಗ ಜೇಷ್ಠಮಧು, ಯಷ್ಟಿಮಧು, ಮುಲೇಠಿ ಅಂತ ಇದ್ದರೂ ಅದು ಇದೇ. ಹೃದಯಕ್ಕೆ ಡಿಗಾಕ್ಸಿನ್ ನುಂಗುವವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಇದರ ಹತ್ತಿರವೂ ಹೋಗಬೇಡಿ. ಆಸ್ತಮಾಕ್ಕೆ ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ತಗೊಳ್ಳುವವರೂ ಅಷ್ಟೇ, ಆ ಮಾತ್ರೆ ದೇಹದಿಂದ ಬೇಗ ಹೋಗದ ಹಾಗೆ ಇದು ಮಾಡುತ್ತದೆ.

ಕಡ್ಡಿ ಬಿಟ್ಟ ತಕ್ಷಣ ಎಲ್ಲ ಸರಿಹೋಗಲ್ಲ. ಕಿಣ್ವ ಚೇತರಿಸಿಕೊಳ್ಳಲು ಒಂದೆರಡು ವಾರ ಬೇಕಾಗಬಹುದು. ಅಷ್ಟರವರೆಗೆ ಅಪ್ಪನಿಗೆ ಆ ಬಾಯಿ ಸುಡುವ ಪೊಟ್ಯಾಸಿಯಂ ಸಿರಪ್, ಜೊತೆಗೆ ಆ ಸೀಟನ್ನೇ ಅಡ್ಡಗಟ್ಟಿ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ. ಆಮೇಲೆ ಬಿಪಿ ತಾನಾಗಿ ಇಳಿಯತೊಡಗಿತು, ಹೆಚ್ಚಿಸಿದ್ದ ಡೋಸನ್ನು ಡಾಕ್ಟರೇ ಒಂದೊಂದಾಗಿ ಕಡಿಮೆ ಮಾಡಿದರು. ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಬಿಪಿ ಸುಮ್ನೆ ಸುಮ್ನೆ ಏರಿ, ಕಾಲಲ್ಲಿ ಬಲ ಕಡಿಮೆಯಾಗಿದ್ದರೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡುವ ಸೀರಂ ಎಲೆಕ್ಟ್ರೊಲೈಟ್ಸ್ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಕೇಳಲು ಹೋಗುವಾಗ ಆ ಪ್ಯಾಕೆಟ್ಟು, ಆ ಕಡ್ಡಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.