ಮರೆವಿನವಳಿಗೆ ವಂಕಿಯೇ ಸರಿ

ನನ್ನ ಎರಡನೆಯ ಮಗಳು ತೊಗರಿಬೇಳೆ ಡಬ್ಬದ ಕೃಪೆ. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಗರ್ಭ ತಡೆಯುವ ಮಾಲಾ-ಎನ್ ಗುಳಿಗೆಯ ಪಟ್ಟಿಯನ್ನು ಆ ಡಬ್ಬದ ತಳದಲ್ಲಿ ಬಚ್ಚಿಡುತ್ತಿದ್ದೆ. ತಮ್ಮನ ಮದುವೆಗೆ ಗಂಡನೂ ನಾನೂ ತವರಿಗೆ ಹೊರಟಾಗ ಪಟ್ಟಿ ಬೇಳೆಯೊಳಗೇ ಉಳಿಯಿತು. ನಾಲ್ಕು ದಿನದ ಮೇಲೆ ಮರಳಿ ಬಂದು, ಎರಡು ಗುಳಿಗೆ ಒಟ್ಟಿಗೆ ನುಂಗಿ, ಬಾಕಿ ತೀರಿತೆಂದು ನೆಮ್ಮದಿಯಾಗಿ ಮಲಗಿದೆ. ಒಂದು ಗುಳಿಗೆ ತಪ್ಪಿದರೆ ನೆನಪಾದ ಕೂಡಲೇ ನುಂಗಿದರೆ ಸಾಕು, ಎರಡು ಅಥವಾ ಹೆಚ್ಚು ತಪ್ಪಿದರೆ ಮುಂದಿನ 7 ದಿನ ನಿರೋಧ್ (ಕಾಂಡೋಮ್) ಕೂಡ ಬೇಕು ಎನ್ನುವುದು ನನಗೆ ತಿಳಿದದ್ದು ವಾಂತಿ ಶುರುವಾದ ಮೇಲೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ವಂಕಿಯ ಪಕ್ಷ. ಅಂದರೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ. ನಮ್ಮ ಆಶಾ ಕಾರ್ಯಕರ್ತೆ ಮೊದಲ ಬಾರಿ "ವಂಕಿ ಹಾಕಿಸಿಕೋ" ಎಂದಾಗ ತೋಳಿಗೆ ಹಾಕುವ ಒಡವೆಯೇ ಕಣ್ಣ ಮುಂದೆ ಬಂದು, ಈಗಿನ ಚಿನ್ನದ ಬೆಲೆಯಲ್ಲಿ ಯಾರು ಮಾಡಿಸುತ್ತಾರೆ ಎಂದುಕೊಂಡಿದ್ದೆ.

ಗುಳಿಗೆಯನ್ನು ಪೂರ್ತಿ ದೂರಲಾರೆ. ಪಟ್ಟಿಯಲ್ಲಿ 28 ಇರುತ್ತವೆ, 21 ಹಾರ್ಮೋನಿನವು, 7 ಬರೀ ಕಬ್ಬಿಣಾಂಶದವು. ಅದನ್ನು ನುಂಗುತ್ತಿದ್ದಷ್ಟು ಕಾಲ ನನ್ನ ಮುಟ್ಟು ಗಡಿಯಾರದ ಹಾಗೆ ಬರುತ್ತಿತ್ತು, ಹೊಟ್ಟೆನೋವೂ ತಗ್ಗಿತ್ತು. ರಾತ್ರಿ ಹಲ್ಲುಜ್ಜುವಷ್ಟೇ ನಿಯಮದಿಂದ ಗುಳಿಗೆ ನುಂಗುವವರಿಗೆ ಇದಕ್ಕಿಂತ ಹಗುರವಾದದ್ದಿಲ್ಲ. ನಾನು ಒಲೆಯ ಮೇಲಿಟ್ಟ ಹಾಲನ್ನೇ ಮರೆಯುವವಳು. ರಕ್ತದೊತ್ತಡ ಇರುವವರು, ಮಗುವಿಗೆ ಆರು ತಿಂಗಳು ತುಂಬುವ ಮೊದಲು ಹಾಲೂಡಿಸುತ್ತಿರುವವರು ಇದರ ಗೊಡವೆಗೆ ಹೋಗಬಾರದು.

ಎರಡನೆಯ ಬಾಣಂತನದಲ್ಲಿ ಸೂಜಿಗೆ ಬದಲಾಯಿಸಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅಂತರಾ ಎಂಬ ಹೆಸರಿನಲ್ಲಿ ಉಚಿತವಾಗಿ ಕೊಡುವ ಇಂಜೆಕ್ಷನ್ ಇದು. ಮೂರು ತಿಂಗಳಿಗೊಂದು. ಹಾಲೂಡಿಸುವವರಿಗೂ ಹೆರಿಗೆಯಾಗಿ ಆರು ವಾರ ಕಳೆದರೆ ಕೊಡುತ್ತಾರೆ. ಮುಟ್ಟು ಏರುಪೇರಾಗುತ್ತದೆ ಎಂದು ನರ್ಸ್ ಹೇಳಿಯೇ ಚುಚ್ಚಿದ್ದರು. ಆದರೆ ನಮ್ಮ ಮನೆಯಲ್ಲಿ ಮುಟ್ಟಾದವಳು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದೊಂದೇ ಹನಿಯಾಗಿ 37 ದಿನ. ಮೊದಲ ವಾರ ವಿಶ್ರಾಂತಿ ಸಿಕ್ಕಿತೆಂದು ಖುಷಿಪಟ್ಟೆ. ಮೂರನೆಯ ವಾರಕ್ಕೆ ಗಂಡ ಮಾಡುವ ಉಪ್ಪಿಟ್ಟಿನ ಮುಖ ನೋಡಲಾಗುತ್ತಿರಲಿಲ್ಲ. ಎರಡು ಸೂಜಿಗೆ ನಿಲ್ಲಿಸಿದೆ. ತಂಗಿಗೆ ಇದೇ ಸೂಜಿಯಲ್ಲಿ ಮುಟ್ಟೇ ನಿಂತುಹೋಗಿ, ಅವಳು ಸುಖವಾಗಿದ್ದಾಳೆ.

ನಡುವೆ ಎರಡು ತಿಂಗಳು ಛಾಯಾ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ, ಹಾರ್ಮೋನಿಲ್ಲದ ನಮ್ಮದೇ ಗುಳಿಗೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಭಾನುವಾರ ನೆನಪಿರುತ್ತಿತ್ತು, ಬುಧವಾರ ಮರೆಯುತ್ತಿತ್ತು. ಮುಟ್ಟು ತಡವಾಗುವುದು ಈ ಗುಳಿಗೆಯ ಸಹಜ ಗುಣವೆಂದು ಗೊತ್ತಿದ್ದರೂ, ಬೇಳೆ ಡಬ್ಬದ ಅನುಭವವಾದವಳಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ನಿರೋಧ್ ಬಗ್ಗೆ ಒಂದೇ ಮಾತು. ಲೈಂಗಿಕ ರೋಗಗಳಿಂದಲೂ ಕಾಪಾಡುವುದು ಇದೊಂದೇ. ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಮೈಸೂರು ಸರ್ಕಾರ 1930ರಲ್ಲೇ ಆದೇಶ ಹೊರಡಿಸಿತ್ತು, ನಮ್ಮ ಬೀದಿಯ ಔಷಧಿ ಅಂಗಡಿಯಾತ ಮಾತ್ರ ಇವತ್ತಿಗೂ ಪೊಟ್ಟಣವನ್ನು ಕದ್ದ ಮಾಲಿನಂತೆ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾನೆ. ನನ್ನ ಗಂಡನಿಗೆ ಅದನ್ನು ಕೇಳುವುದಕ್ಕೂ ನಾಚಿಕೆ.

ಇನ್ನು ವಂಕಿ. ಮುಟ್ಟಿನ ಕೊನೆಯ ದಿನ ಹೋದೆ, ಹತ್ತು ನಿಮಿಷದ ಕೆಲಸ. ಹಾಕುವಾಗ ಒಳಗಿನಿಂದ ಜಿಗುಟಿದಂಥ ನೋವಾಯಿತು. ಮೊದಲ ಮೂರು ತಿಂಗಳು ಸ್ರಾವ ಹೆಚ್ಚಿತ್ತು, ಕಬ್ಬಿಣದ ಮಾತ್ರೆ ನುಂಗಬೇಕಾಯಿತು. ರಕ್ತಹೀನತೆ ಇರುವವರು, ಮೊದಲೇ ಹೆಚ್ಚು ಸ್ರಾವವಾಗುವವರು ಇದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಇಷ್ಟನ್ನು ನಾನು ದೂರೆಂದು ಎಣಿಸುವುದಿಲ್ಲ.

ದೂರಿರುವುದು ನೂಲಿನ ಮೇಲೆ. ವಂಕಿಯ ಬಾಲಕ್ಕೆ ಗಾಳದ ದಾರದಂಥ ಎರಡು ಸಣ್ಣ ನೂಲುಗಳಿರುತ್ತವೆ. ಮುಟ್ಟು ಮುಗಿದ ಮೇಲೆ ಬೆರಳಿಟ್ಟು ನೋಡಿ, ನೂಲು ಸಿಕ್ಕರೆ ವಂಕಿ ಜಾರಿಲ್ಲವೆಂದು ಅರ್ಥ. ಒಂದೆರಡು ತಿಂಗಳಲ್ಲಿ ಗಂಡ "ಏನೋ ಚುಚ್ಚುತ್ತದೆ" ಎಂದು ರಾಗ ತೆಗೆದರು. ಸ್ವಲ್ಪ ದಿನ ಕಾದರೆ ನೂಲು ಮೆತ್ತಗಾಗಿ ಒಳಗೆ ಮಡಿಸಿಕೊಳ್ಳುತ್ತದಂತೆ. ಕಾಯುವ ವ್ಯವಧಾನ ನಮಗೆಲ್ಲಿ? ಖಾಸಗಿ ಕ್ಲಿನಿಕ್ಕೊಂದಕ್ಕೆ ಹೋಗಿ ಗಿಡ್ಡ ಮಾಡಿಸಿಕೊಂಡು ಬಂದೆ. ಕತ್ತರಿಸಿದವರು ಧಾರಾಳಿಗಳು.

ಮುಂದಿನ ತಿಂಗಳು ಬೆರಳಿಗೆ ನೂಲೇ ಇಲ್ಲ. ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತು ತಡಕಿದೆ, ನಿಂತು ತಡಕಿದೆ, ಒಂದು ಕಾಲನ್ನು ಬಕೆಟ್ಟಿನ ಮೇಲಿಟ್ಟು ತಡಕಿದೆ. ವಂಕಿ ಹೊಟ್ಟೆಯಿಂದ ಎದೆಗೇರುತ್ತದೆ ಎಂದು ನೆರೆಮನೆಯಾಕೆ ಹೇಳಿದ್ದು ಆಗಲೇ ನೆನಪಾಗಬೇಕೇ! ಅದು ಸುಳ್ಳೆಂದು ಗೊತ್ತಿದ್ದೂ ಎದೆಯ ಮೇಲೆ ಕೈ ಹೋಯಿತು. ಗರ್ಭಪರೀಕ್ಷೆಯ ಪಟ್ಟಿ ತಂದು ನೋಡಿದೆ, ಒಂದೇ ಗೆರೆ. ಆದರೂ ಆ ರಾತ್ರಿ ನಿದ್ದೆಯಿಲ್ಲ. ಮರುದಿನ ಲೀಟರುಗಟ್ಟಲೆ ನೀರು ಕುಡಿದು ಸ್ಕ್ಯಾನಿಂಗ್ ಕೇಂದ್ರದ ಬೆಂಚಿನ ಮೇಲೆ ಕಾಲು ಹೆಣೆದುಕೊಂಡು ಕೂತೆ. ಪರದೆಯ ಬೂದು ಮಸುಕಿನ ನಡುವೆ ಬೆಳ್ಳನೆಯ ಗೆರೆಯೊಂದು ಹೊಳೆಯಿತು. ವಂಕಿ ಇರಬೇಕಾದ ಜಾಗದಲ್ಲೇ ಹಾಯಾಗಿತ್ತು, ಗಿಡ್ಡ ನೂಲು ಮಾತ್ರ ಮೇಲೆ ಸರಿದಿತ್ತು. ಪುಕ್ಕಟೆ ಹಾಕಿಸಿಕೊಂಡ ವಂಕಿಗೆ 900 ರೂಪಾಯಿ ದಂಡ. ತೆಗೆಸುವ ದಿನ ಹಿಡಿಯಲು ನೂಲು ಸಿಗದೆ ವೈದ್ಯರು ತುಸು ಪರದಾಡಬೇಕಾದೀತು ಎಂಬುದು ಬೇರೆ.

ಇಷ್ಟಾದರೂ ಬದಲಾಯಿಸುವ ಯೋಚನೆ ಬಂದಿಲ್ಲ. ನನ್ನದು 380-ಎ ಮಾದರಿ, 10 ವರ್ಷ ಬಾಳುತ್ತದೆ. 375 ಎಂಬುದು 5 ವರ್ಷಕ್ಕೆ. ಇದರಲ್ಲಿ ನಾನು ಮರೆಯುವಂಥದ್ದು ಏನೂ ಇಲ್ಲ. ಮನಸ್ಸು ಬದಲಾದರೆ ತೆಗೆಸಿದ ಕೂಡಲೇ ಗರ್ಭ ನಿಲ್ಲಬಹುದು. ಸೂಜಿಯಲ್ಲಾದರೆ ಕೊನೆಯದರಿಂದ ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ.

ಎರಡು ಮಕ್ಕಳಾದವಲ್ಲ, ಆಪರೇಷನ್ ಮಾಡಿಸಿಕೊಂಡು ಬಿಡು ಎಂದು ಅತ್ತೆ ಈಗಲೂ ಹೇಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರ ಪೈಕಿ ತಾವೇ ಆಪರೇಷನ್ ಮಾಡಿಸಿಕೊಂಡವರು ಶೇ. 37.9, ಗಂಡ ಮಾಡಿಸಿಕೊಂಡವರು ಶೇ. 0.3. ಗಂಡಸರದ್ದಕ್ಕೆ ಹೊಲಿಗೆಯೂ ಬೇಡ, ಹೊಟ್ಟೆ ಕೊಯ್ಯುವುದೂ ಇಲ್ಲ ಎಂದು ಅವರ ಮಗನಿಗೆ ಒಮ್ಮೆ ಓದಿ ಹೇಳಿದೆ. ಅವರು ಎದ್ದು ಹೋಗಿ ಗೇಟಿಗೆ ಎಣ್ಣೆ ಬಿಟ್ಟರು.

ಮೊನ್ನೆ ನಾದಿನಿ ವಂಕಿ ಹಾಕಿಸಲು ಹೊರಟಿದ್ದಳು. ಹಾಕಿದ ತಾರೀಕು, ತೆಗೆಸಬೇಕಾದ ತಾರೀಕು ಬರೆದ ಕಾರ್ಡು ಕೇಳಿ ಇಸಿದುಕೋ ಎಂದೆ. ಒಂದೂವರೆ ತಿಂಗಳಿಗೆ ಮತ್ತೆ ತೋರಿಸಿಕೊಂಡು ಬಾ ಎಂದೆ. ಆಟೋ ಹೊರಟ ಮೇಲೆ ನೆನಪಾಗಿ ಹಿಂದೆಯೇ ಓಡಿ ಕೂಗಿದೆ: "ಗಂಡ ಏನೇ ಹೇಳಲಿ, ನೂಲಿಗೆ ಕತ್ತರಿ ಹಾಕಿಸಬೇಡ!"