ಡ್ರೋನ್ ನಕ್ಷೆ ನಂಬಿ ಟೊಮೆಟೊಗೆ ಯೂರಿಯಾ ಬಿಟ್ಟು ಕೆಟ್ಟೆ

ತೋಟದ ಮೇಲೆ ಡ್ರೋನ್ ಹಾರಿಸಿ "ಫಿನೋಟೈಪಿಂಗ್ ರಿಪೋರ್ಟ್" (ಗಿಡದ ಬೆಳವಣಿಗೆ, ಬಣ್ಣ ಅಳೆದ ವರದಿ) ಕೊಡ್ತೀವಿ ಅಂತ ಯಾರಾದರೂ ನಿಮ್ಮೂರಿಗೂ ಬಂದಿದ್ದರೆ, ದುಡ್ಡು ಎಣಿಸುವ ಮುಂಚೆ ಇದನ್ನೊಮ್ಮೆ ಓದಿ.

ನಮ್ಮದು ಕೋಲಾರ ತಾಲ್ಲೂಕು. ಎರಡು ಎಕರೆ ಟೊಮೆಟೊ, ಡ್ರಿಪ್, ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು. ನಾಟಿ ಮಾಡಿ ಮೂವತ್ತೈದು ದಿನ ಆಗಿತ್ತು. ಬದುವಿನ ಕಡೆ ಸುಮಾರು ಹತ್ತು ಗುಂಟೆಯಲ್ಲಿ ಗಿಡ ಮೇಲೇಳುತ್ತಿರಲಿಲ್ಲ, ಸ್ವಲ್ಪ ಹಳದಿ. ಆ ಹೊತ್ತಿಗೇ ಇಬ್ಬರು ಹುಡುಗರು ಬಂದರು. ಎರಡು ಎಕರೆಗೆ ಆರು ಸಾವಿರ ಅಂದರು. ಸಂಜೆ ನಾಲ್ಕೂವರೆಗೆ, ಮೋಡ ಬಂದು ಹೋಗಿ ಮಾಡುತ್ತಿದ್ದಾಗ ಹಾರಿಸಿದರು. ಜೊತೆಗೆ ಕ್ಲಿಪ್ಪಿನಂಥ ಒಂದು ಮೀಟರ್ ತೆಗೆದು ನಾಲ್ಕೈದು ಎಲೆ ಒತ್ತಿ "38 ಬರ್ತಿದೆ, 50 ಇರಬೇಕು" ಅಂದರು. ಮರುದಿನ ಮೊಬೈಲಿಗೆ ನಕ್ಷೆ ಬಂತು. ಹಸಿರು, ಹಳದಿ, ಕೆಂಪು. ಬದುವಿನ ಕಡೆ ಪೂರ್ತಿ ಕೆಂಪು. ಕೆಳಗೆ ಒಂದು ಸಾಲು: ಸಾರಜನಕದ ಕೊರತೆ.

ಕೆಂಪು ನೋಡಿದ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಡ್ರಿಪ್ಪಿನಲ್ಲಿ ಯೂರಿಯಾ ಬಿಟ್ಟೆ, ವಾರ ಬಿಟ್ಟು ಮತ್ತೆ ಬಿಟ್ಟೆ. ಕೆಂಪು ಜಾಗಕ್ಕೆ ಬೇರೆ ವಾಲ್ವ್ ಇಲ್ಲ, ಇಡೀ ತೋಟಕ್ಕೇ ಹೋಯಿತು. ಮೂರು ವಾರಕ್ಕೆ ಚೆನ್ನಾಗಿದ್ದ ಕಡೆ ಗಿಡ ಕಪ್ಪುಹಸಿರಾಗಿ ಬರೀ ಸೊಪ್ಪು, ಹೂವು ಕಡಿಮೆ, ಅಲ್ಲಾಡಿಸಿದರೆ ಬಿಳಿನೊಣ ಹೊಗೆಯಂತೆ ಏಳುತ್ತಿತ್ತು. ಬಿಳಿನೊಣದ ಹಿಂದೆ ಎಲೆ ಮುದುರು ರೋಗ. ಬದುವಿನ ಕಡೆಯ ಗಿಡ ಮಾತ್ರ ಇದ್ದ ಹಾಗೇ ಇದ್ದವು. ಮಧ್ಯಾಹ್ನ ಬಾಡುತ್ತಿದ್ದವು, ಬುಡದಲ್ಲಿ ನೀರಿದ್ದರೂ.

ಕೊನೆಗೆ ಅಮ್ಮ ಹೋಗಿ ಒಂದು ಗಿಡವನ್ನು ಬೇರುಸಮೇತ ಕಿತ್ತು ತಂದು ಜಗಲಿ ಮೇಲೆ ಹಾಕಿದಳು. ಬೇರಿನ ತುಂಬ ಗಂಟು. ಸಾಸಿವೆಯಷ್ಟು ಕೆಲವು, ಕಡಲೆಕಾಳಿನಷ್ಟು ಕೆಲವು, ಎರಡು ಮೂರು ಸೇರಿ ಶುಂಠಿ ಹಾಗೆ ಊದಿಕೊಂಡಿದ್ದವು. ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣುಸಮೇತ ತೆಗೆದುಕೊಂಡು ಹೋದೆ. ಬೇರುಗಂಟು ಜಂತುಹುಳು. ಅದೇ ಜಾಗದಲ್ಲಿ ಮೂರು ಸಲ ಸತತ ಟೊಮೆಟೊ ಹಾಕಿದ್ದರ ಫಲ. ಬೇರೇ ಕೆಟ್ಟಿದ್ದಾಗ ಗೊಬ್ಬರ ಬಿಟ್ಟರೆ ಯಾವ ಬಾಯಿಂದ ತಿನ್ನಬೇಕು ಗಿಡ?

ಆಮೇಲೆ ಆ ನಕ್ಷೆಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಓದುತ್ತಿರುವ ಅಕ್ಕನ ಮಗಳಿಗೆ ಕಳಿಸಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಮಾವ, ಬಣ್ಣದ ಪಟ್ಟಿ ಪಕ್ಕ ಅಂಕಿ ಎಲ್ಲಿ?" ಇರಲಿಲ್ಲ. ಇಲ್ಲೇ ಮೋಸ ಅಂದಳು. ನಕ್ಷೆಗೆ ಅವರಿಟ್ಟಿದ್ದ ಹೆಸರು ಎನ್‌ಡಿವಿಐ, ಅಂದರೆ ಗಿಡದ ಹಸಿರಿನ ಸೂಚ್ಯಂಕ. ಎನ್‌ಡಿವಿಐ ಅನ್ನುವುದು −1ರಿಂದ +1ರ ನಡುವಿನ ಒಂದು ಅಂಕಿ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಅವಗೆಂಪಿನಲ್ಲಿ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಅದೇ ಆ ಅಂಕಿ. 1970ರ ದಶಕದಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹದ ಕಾಲದಿಂದ ಬಳಕೆಯಲ್ಲಿದೆ, ಹೊಸದೇನಲ್ಲ. ಆದರೆ ಅಂಕಿ ಮರೆಮಾಡಿ ಬಣ್ಣ ಮಾತ್ರ ತೋರಿಸಿದರೆ, ಸಾಫ್ಟ್‌ವೇರ್ ನಿಮ್ಮ ತೋಟದ ಅತಿ ಕಡಿಮೆ ಅಂಕಿಗೆ ಕೆಂಪು, ಅತಿ ಹೆಚ್ಚಿನದಕ್ಕೆ ಹಸಿರು ಬಳಿಯುತ್ತದೆ. ಇಡೀ ತೋಟ ಪುಷ್ಟಿಯಾಗಿದ್ದರೂ ಎಲ್ಲೋ ಒಂದು ಕಡೆ ಕೆಂಪು ಬಂದೇ ಬರುತ್ತದೆ. ಆ ಕೆಂಪಿನಿಂದಲೇ ಗೊಬ್ಬರ ಮಾರಾಟ.

ಇನ್ನೊಂದು. ಕಳಿಸಿದ ಫೈಲಿನಲ್ಲಿ ಇದ್ದದ್ದು ಬರೀ ಮಾಮೂಲಿ ಬಣ್ಣದ ಫೋಟೊಗಳು, ಅವಗೆಂಪು ಬೆಳಕಿನ ಚಿತ್ರ ಒಂದೂ ಇಲ್ಲ. ಅಂದರೆ ಅದು ಎನ್‌ಡಿವಿಐ ಆಗಲು ಸಾಧ್ಯವೇ ಇರಲಿಲ್ಲ. ಮಾಮೂಲಿ ಕ್ಯಾಮೆರಾದಲ್ಲಿ ಹಸಿರೆಷ್ಟಿದೆ ಎಂದು ಅಳೆದು ಹೆಸರು ಬದಲಿಸಿದ್ದರು. ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ ಇದ್ದವರು ಪ್ರತಿ ಬೆಳಕಿಗೂ ಬೇರೆ ಬೇರೆ ಚಿತ್ರ ಕೊಡುತ್ತಾರೆ, ಹಾರಿಸುವ ಮುಂಚೆ ಎಷ್ಟು ಬೆಳಕು ಎಸೆಯುತ್ತದೆಂದು ಮೊದಲೇ ಗೊತ್ತಿರುವ ಒಂದು ಹಲಗೆಯನ್ನು ನೆಲದಲ್ಲಿಟ್ಟು ಅದರ ಫೋಟೊ ತೆಗೆಯುತ್ತಾರೆ, ಮಧ್ಯಾಹ್ನದ ಆಸುಪಾಸಿನ ಒಂದೇ ಸಮನಾದ ಬಿಸಿಲಿನಲ್ಲಿ ಹಾರಿಸುತ್ತಾರೆ. ನಮ್ಮಲ್ಲಿ ಹಲಗೆಯೂ ಇಲ್ಲ, ಬಿಸಿಲೂ ಇಲ್ಲ.

ಒಳ್ಳೆ ಕ್ಯಾಮೆರಾನೇ ತಂದಿದ್ದರೂ ಯೂರಿಯಾ ಅನ್ನುವ ತೀರ್ಮಾನ ಅದರಿಂದ ಹೊರಡುವುದಿಲ್ಲವಂತೆ. ಗಿಡ ಸಣ್ಣದಿದ್ದ ಕಡೆ ಚಿತ್ರದಲ್ಲಿ ಎಲೆಗಿಂತ ಮಲ್ಚಿಂಗ್ ಶೀಟೇ ಹೆಚ್ಚು ಬೀಳುತ್ತದೆ, ಆ ಜಾಗದ ಸರಾಸರಿ ಅಂಕಿ ಇಳಿಯುತ್ತದೆ. ಎಲೆ ಬಿಳಿಚಿರಲೇಬೇಕೆಂದಿಲ್ಲ. ನಕ್ಷೆಯಲ್ಲಿ ಅತಿ ಹಸಿರಾಗಿದ್ದ ಮೂಲೆಗೆ ಹೋಗಿ ನೋಡಿದೆ. ಡ್ರಿಪ್ ಪೈಪು ಸೋರುತ್ತಿತ್ತು, ಶೀಟು ಹರಿದು ತುಂಗೆ, ಕಾಂಗ್ರೆಸ್ ಗಿಡ ಮಂಡಿಯೆತ್ತರ ಬೆಳೆದಿದ್ದವು. ನನ್ನ ತೋಟದ ಅತ್ಯುತ್ತಮ ಬೆಳೆ ಕಳೆ!

ಆ ಕ್ಲಿಪ್ ಮೀಟರು ಸುಳ್ಳಲ್ಲ. ಸ್ಪ್ಯಾಡ್ ಮೀಟರ್ ಅನ್ನುತ್ತಾರೆ, 650 ಮತ್ತು 940 ನ್ಯಾನೊಮೀಟರಿನ ಎರಡು ಬೆಳಕು ಎಲೆಯ ಮೂಲಕ ಎಷ್ಟು ಹಾಯುತ್ತದೆಂದು ನೋಡಿ ಪತ್ರಹರಿತ್ತು ಅಂದಾಜಿಸುತ್ತದೆ. ನೋಡುವುದು 2 ಮಿ.ಮೀ. ಅಗಲ, 3 ಮಿ.ಮೀ. ಉದ್ದದ ಜಾಗ ಅಷ್ಟೇ. ತಳಿ ಬದಲಾದರೆ, ಎಲೆಯ ವಯಸ್ಸು ಬದಲಾದರೆ ಅಂಕಿ ಬದಲು. ಅವರು ಒತ್ತಿದ್ದು ಕೆಳಗಿನ ಮುದಿ ಎಲೆ, ಅದೂ ನರದ ಮೇಲೆ. 50 ಎಂಬ ಲೆಕ್ಕ ಯಾವ ತಳಿಯದೆಂದು ಕೇಳಿದರೆ ಇವತ್ತಿಗೂ ಉತ್ತರ ಇಲ್ಲ.

ಈ ವಿದ್ಯೆಯನ್ನೇ ಹಳಿಯುತ್ತಿಲ್ಲ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಲೇಸರ್ ಸ್ಕ್ಯಾನರಿನಿಂದ ಗಿಡದ ಎಲೆ ವಿಸ್ತೀರ್ಣ ಅಳೆಯುತ್ತಾರೆ, ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ಕೇಂದ್ರ ಇದೆ. ಅಲ್ಲಿ ಒಂದೇ ಹದದಲ್ಲಿ ಬೆಳೆಸಿದ ನೂರಾರು ತಳಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ನಮ್ಮ ತೋಟದಲ್ಲಿ ನಾಲ್ಕೆಲೆ ಒತ್ತಿ ಔಷಧಿ ಬರೆದುಕೊಡುವುದು ಬೇರೆ ಕಸುಬು. ಬರೀ ನಕ್ಷೆ ಬೇಕಿದ್ದರೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ. 10 ಮೀಟರ್ ಉದ್ದಗಲದ ಚೌಕಕ್ಕೆ ಒಂದು ಚುಕ್ಕಿ, ಎಕರೆಗೆ ಸುಮಾರು 40. ಒರಟು, ಆದರೆ ಕಾಸಿಲ್ಲ.

ಹುಡುಗರಿಗೆ ಫೋನ್ ಮಾಡಿದೆ. "ಸರ್, ಕೊನೆ ಪುಟ ನೋಡಿ" ಅಂದರು. ಸಣ್ಣಕ್ಷರದಲ್ಲಿ "ಮಾಹಿತಿಗಾಗಿ ಮಾತ್ರ" ಎಂದಿತ್ತು. ಆರು ಸಾವಿರದ ಮಾಹಿತಿ.

ನಕ್ಷೆಯನ್ನು ಅಳಿಸಿಲ್ಲ. ಗಿಡ ಎಲ್ಲಿ ಸೊರಗಿದೆ ಅನ್ನುವುದನ್ನು ಅದು ಸರಿಯಾಗಿಯೇ ತೋರಿಸಿತ್ತು. ಅದೇ ಕೆಂಪಿನ ಗಡಿ ಹಿಡಿದು ಗೂಟ ಹೊಡೆದು, ಜಂತುಹುಳು ತಗ್ಗಲಿ ಅಂತ ಆ ಹತ್ತು ಗುಂಟೆಗೆ ಬೇವಿನ ಹಿಂಡಿ ಹಾಕಿದ್ದೇನೆ. ಈ ಸಲ ಅಲ್ಲಿ ಚೆಂಡು ಹೂ.