ಬಿಳಿ ಶರ್ಟಿನ ಮೇಲೆ ಇಳಕಲ್: ಕೈಮಗ್ಗದ ಕಾಟನ್, ರೇಷ್ಮೆ ಮಿಶ್ರ, ಪವರ್‌ಲೂಮ್

ಬಿಳಿ ಶರ್ಟು, ಸೊಂಟಕ್ಕೆ ಬೆಲ್ಟು, ಕಾಲಿಗೆ ಸ್ನೀಕರ್ಸ್, ಜೊತೆಗೆ ಇಳಕಲ್ ಸೀರೆ. ಎಲ್ಲೆಡೆ ಕಾಣುವ ಈ ಉಡುಗೆ ದಿನದ ಆಫೀಸಿಗೂ ಒಗ್ಗಬೇಕಾದರೆ ಸೀರೆಯ ಆಯ್ಕೆ ಸರಿಯಿರಬೇಕು. ಮೂರೂ ಬಗೆಯನ್ನು ಉಟ್ಟು, ಒಗೆದು ನೋಡಿದ ಮೇಲೆ ನನ್ನ ಒಲವು ಕೈಮಗ್ಗದ ಕಾಟನ್ ಕಡೆಗೆ. ಅದರ ಕಾಟವೂ ದೊಡ್ಡದೇ.

ಪವರ್‌ಲೂಮ್ ಪಾಲಿಯೆಸ್ಟರ್ ಅಗ್ಗ, ಇಸ್ತ್ರಿ ಬೇಡ, ಬೇಗ ಒಣಗುತ್ತದೆ. ಆದರೆ ಬೆವರು ಹೀರುವುದಿಲ್ಲ, ನೆರಿಗೆ ಜಾರುತ್ತದೆ. ಇಳಕಲ್‌ನ ಜೀವಾಳವಾದ ತೋಪತೆನಿ ಜೋಡಣೆಯೂ ಅದರಲ್ಲಿಲ್ಲ. ಕೈಮಗ್ಗದಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಸೆರಗು ಶುರುವಾಗುವಲ್ಲಿ ಹಿಂಬದಿ ಬೆರಳಾಡಿಸಿದರೆ ಸಣ್ಣ ಏಣು ಸಿಗುತ್ತದೆ. ಸೆರಗನ್ನು ಓರೆಯಾಗಿ ಹಿಡಿದಾಗ ಕೆಂಪಿನೊಳಗೆ ಒಡಲಿನ ಬಣ್ಣದ ಎಳೆ ಇಣುಕಿದರೆ ಹಾಸು ಒಂದೇ ಎಂದರ್ಥ. ಅಂಥದ್ದಕ್ಕೆ ಕೈಮಗ್ಗದ ಬೆಲೆ ಕೊಡಬೇಡಿ.

ರೇಷ್ಮೆ ಮಿಶ್ರ ಇಳಕಲ್ ಮೈಮೇಲೆ ಸೊಗಸಾಗಿ ಇಳಿಯುತ್ತದೆ. ಪ್ರತಿ ಸಲ ಡ್ರೈ ಕ್ಲೀನಿಂಗ್ ಖರ್ಚು ಬೇರೆ. ಹಬ್ಬಕ್ಕಿರಲಿ.

ಇನ್ನು ಕಾಟನ್‌ನ ಕಾಟ: ಸೆರಗು ಬಣ್ಣ ಬಿಡುತ್ತದೆ. ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ ಪಟ್ಟೆ ಇರುವ ಸೆರಗು ಎಡ ಹೆಗಲ ಮೇಲೆ ಕೂರುತ್ತದೆ. ಬೆವರಿನ ತೇವ ತಗುಲಿದರೆ ಶರ್ಟಿನ ಹೆಗಲಿಗೆ ಗುಲಾಬಿ ಕಲೆ. ಸೀರೆಯನ್ನು ಇಡಿಯಾಗಿ ನೆನೆಹಾಕಿದರೆ ಬಿಳಿ ಪಟ್ಟೆಯೂ ಕೆಡುತ್ತದೆ, ತಿಳಿಬಣ್ಣದ ಒಡಲೂ ಕೆಡುತ್ತದೆ. ನೂಲಿಗೆ ಸರಿಯಾಗಿ ಕಚ್ಚದೆ ಮೇಲ್ಮೈಯಲ್ಲೇ ಉಳಿದ ಬಣ್ಣ ಇದಕ್ಕೆ ಕಾರಣ. ಬಿಸಿನೀರು, ಖಾರವಾದ ಸೋಪಿನ ಪುಡಿ, ಒದ್ದೆಯಾಗಿ ಮುದುಡಿ ಬಿದ್ದಿರುವುದು, ಈ ಮೂರೂ ಅದನ್ನು ಹೆಚ್ಚಿಸುತ್ತವೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ, ಆಮೇಲೆ ಇಲ್ಲ.

ಉಡುವ ಮೊದಲೇ ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಒಳಬದಿಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಕಡುಗೆಂಪು ಹತ್ತಿದರೆ ಮೊದಲ ಸಲ ಡ್ರೈ ಕ್ಲೀನಿಂಗಿಗೇ ಕೊಡಿ. ತಿಳಿ ಗುಲಾಬಿಯಾದರೆ ಮನೆಯಲ್ಲೇ ಒಗೆಯಬಹುದು. ಒಡಲನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಜೋಡಣೆಯ ಹತ್ತಿರ ಬಾಯಿ ಕಟ್ಟಿ, ಸೆರಗನ್ನು ಮಾತ್ರ ತಣ್ಣೀರಿನಲ್ಲಿ ಒಂದು ಚಮಚ ಶಾಂಪೂ ಹಾಕಿ ಆಡಿಸಿ. ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಬದಲಿಸಿ, ಒಂದೊಂದು ಸಲಕ್ಕೆ ಎರಡು ನಿಮಿಷ ಸಾಕು. ಹಿಂಡಬೇಡಿ. ಸೆರಗಿನಲ್ಲಿರುವುದು ರೇಯಾನ್ (ಕೃತಕ ರೇಷ್ಮೆ) ಆದರೆ ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ, ಕುಣಿಕೆಗಳು ಸಡಿಲಾಗುತ್ತವೆ. ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ. ಒಡಲನ್ನು ಆಮೇಲೆ ಬೇರೆ ನೀರಿನಲ್ಲಿ ಒಗೆದು, ಸೆರಗು ಒಡಲಿಗೆ ತಾಗದಂತೆ ನೆರಳಲ್ಲಿ ಇಳಿಬಿಡಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಸುಲಭದ ದಾರಿ ದಾಳಿಂಬೆ ಕೆಂಪಿನ ಒಡಲು. ಇಳಕಲ್‌ನ ಹಳೆಯ ಬಣ್ಣವೂ ಅದೇ, ಒಡಲಿಗೆ ಹತ್ತಿದ ಬಣ್ಣ ಕಾಣುವುದೂ ಇಲ್ಲ. ಮೊದಲ ನಾಲ್ಕೈದು ಒಗೆತದವರೆಗೆ ಬಿಳಿ ಶರ್ಟಿನ ಬದಲು ಕಪ್ಪು ಶರ್ಟು, ಇಲ್ಲವೇ ಗುಳೇದಗುಡ್ಡ ಖಣದ ಕುಪ್ಪಸ ತೊಡಿ.

ವಾರಕ್ಕೆರಡು ದಿನ ಸೀರೆ, ಮನೆಯಲ್ಲೇ ಒಗೆತ, ಒಂದಕ್ಕೆ 2,500 ರೂಪಾಯಿ ಮಿತಿ: ನನ್ನ ಲೆಕ್ಕ ಇಷ್ಟು, ಇದಕ್ಕೆ ಕಾಟನ್ನೇ ಸರಿ. ಮಳೆಗಾಲದಲ್ಲಿ ಬಸ್ಸಿಗೆ ಓಡುವವರಿಗೆ ಪವರ್‌ಲೂಮ್ ವಾಸಿ. ಸ್ನೀಕರ್ಸ್ ಹಾಕಿಕೊಂಡೇ ಉಡಿ, ಅಂಚು ನೆಲದಿಂದ ಎರಡು ಇಂಚು ಮೇಲಿರಲಿ. ಗಂಜಿಯನ್ನು ಒಡಲಿಗೆ ಮಾತ್ರ, ತೆಳ್ಳಗೆ ಹಾಕಿ. ಫಾಲ್ ಹೊಲಿಸುವುದು ಮೊದಲ ಒಗೆತದ ನಂತರ, ಅದೂ ಫಾಲ್ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿಟ್ಟು ಒಣಗಿಸಿದ ಮೇಲೆ. ಇಲ್ಲದಿದ್ದರೆ ಅದು ಕುಗ್ಗಿ ದಡಿಯನ್ನೆಲ್ಲ ಸುಕ್ಕಾಗಿಸುತ್ತದೆ.